ಉಲ್ಟಾ ಆಟೆ

ಭೋಸರಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಗಿಯರಿನ ಹಲ್ಲು ಕೊರೆದವನಿಗೆ
ಕಡೆಗೆ ಸವೆದದ್ದು ಎಡಗಾಲಿನ ಮಂಡಿ.
'ಒಳಗಿನ ಮೆತ್ತೆ ಹೋಗಿದೆ, ಏರು ಬೇಡ' ಎಂದರು ಡಾಕ್ಟರು.
ತಲೆಯಾಡಿಸಿದೆ. ಕಾತ್ರಜ್ ಘಾಟಿನ ಸುದ್ದಿ ಎತ್ತಲಿಲ್ಲ.

ಸೈಕಲ್ಲು ಕೋಥ್ರೂಡಿನ ಹುಡುಗನೊಬ್ಬ ಮಾರಿದ್ದು.
ಮುಂದೆ ಸ್ಪ್ರಿಂಗು, ಹಿಂದೆ ಸ್ಪ್ರಿಂಗು,
ಕೂತರೆ ಬಗ್ಗಿ ಸಲಾಮು ಹೊಡೆದು ಏಳುತ್ತದೆ.
'ಕುದ್ರಿ ತಂದೀರೋ, ಎಮ್ಮಿ ತಂದೀರೋ'
ಎಂದಳು ನೀಲಗಂಗಾ, ಹೊಸ್ತಿಲು ದಾಟದೆ.

ಭವಾನಿ ಪೇಠೆಯಲ್ಲಿ ಧಮ್‌ಢೇರೆಯ ಅಂಗಡಿ ಮುಂದೆ
ಅದನ್ನು ತಲೆಕೆಳಗು ನಿಲ್ಲಿಸಿದೆವು.
ಪೆಡಲಿನ ತೋಳು ಕಳಚಿತು, ಉಳಿದದ್ದು ನಡುವಿನ ಬೇರಿಂಗು.
ಎಡಗಡೆಯ ಕಪ್ಪು ಲೋಕದ ರೀತಿ ಬಿಚ್ಚಿತು.
ಬಲಗಡೆಯದಕ್ಕೆ ಉಲ್ಟಾ ಆಟೆ:
ಬಿಗಿ ಮಾಡುವ ದಿಕ್ಕಿಗೆ ತಿರುವಿದರೇ ಸಡಿಲ.
ಇದು ನನಗೆ ಗೊತ್ತು. ಎಷ್ಟೋ ಹುಡುಗರಿಗೆ ಕಲಿಸಿದ್ದೇನೆ.
ಆದರೂ ಕಾಲು ಗಂಟೆ
ಲೋಕದ ದಿಕ್ಕಿಗೇ ಜೋತುಬಿದ್ದೆ,
ಪಾನಾ ಜಾರಿ ಗೆಣ್ಣಿನ ಸಿಪ್ಪೆ ಏಳುವವರೆಗೆ.
ಧಮ್‌ಢೇರೆ ಚಹಾದ ಲೋಟ ಇಳಿಸಿ
'ಬಿಗಿ ಮಾಡು, ಬಿಡ್ತದೆ' ಎಂದ ಮರಾಠಿಯಲ್ಲಿ,
ನನ್ನ ಕಡೆ ನೋಡದೆ.

ಮೋಟಾರು ಆ ತೂತಿನೊಳಗೆ ತೂರಿ
ತೆಂಗಿನಕಾಯಿಯಂತೆ ಕೆಳಗೆ ನೇತುಕೊಂಡಿತು.
ಭಾರ ಹಾಕಿ ಕೂತೆ. ಹಿಂದಿನ ತೋಳು ಮೇಲೆದ್ದು
ಟಕ್ ಎಂದು ಅದರ ಹೊಟ್ಟೆಗೆ ಒದೆಯಿತು.
ಗಡುಸು ಸೈಕಲ್ಲಿಗೆ ಈ ತಾಪತ್ರಯ ಇಲ್ಲ;
ಬಾಗುವುದಕ್ಕೆ ಸುತ್ತ ಜಾಗ ಬೇಕು.
ಪರಿಚಯದ ಲೇಥಿನಲ್ಲಿ ಮೂರೂವರೆ ಮಿಲಿಮೀಟರಿನ ಬಳೆ ಕಡೆದು ತಂದೆ.
ಬಳೆ ಹಾಕಿದರೆ ಚೈನು ಸೊಟ್ಟ,
ತೆಗೆದರೆ ಟಕ್.
ಮತ್ತೆ ಲೇಥಿಗೆ. ಮತ್ತೆ.
ಎರಡು ಮಿಲಿಮೀಟರಿಗೆ ರಾಜಿಯಾಯಿತು.

ಬ್ಯಾಟರಿಗೆ ಎಲ್ಲೂ ಜಾಗವಿಲ್ಲ.
ಚೌಕಟ್ಟಿನ ತ್ರಿಕೋನದಲ್ಲಿ ಹಿಂದಿನ ಸ್ಪ್ರಿಂಗು
ಬಾಡಿಗೆ ಬಾಕಿ ಇಟ್ಟವನಂತೆ ಕಾಲು ಚಾಚಿ ಮಲಗಿದೆ.
ನನ್ನ ಬೆನ್ನೇ ಗತಿಯಾಯಿತು.
ನೀಲಗಂಗಾ ನನ್ನ ಕೊನೆಯ ಖಾಕಿ ಪ್ಯಾಂಟು ಕತ್ತರಿಸಿ
ಜೋಡು ಹೊಲಿಗೆಯ ಚೀಲ ಮಾಡಿದಳು.
ಬೆಲ್ಟಿನ ಕುಣಿಕೆ ಮಾತ್ರ ಕೀಳಲಿಲ್ಲ:
'ಇರ್ಲಿ, ಯಾವುದಕ್ಕರ ಬರ್ತಾವ.'

ಹಳೆ ಘಾಟು. ಭಾನುವಾರ, ಬೆಳಗಿನ ಐದೂವರೆ.
ಹೆಬ್ಬೆರಳ ಗುಂಡಿಯಲ್ಲಿ ಒಂದರಿಂದ ಐದು.
ಎರಡಕ್ಕೇ ರಸ್ತೆ ಚಪ್ಪಟೆಯಾಯಿತು.
ಗಿಯರು ಬದಲಿಸಿದೆ, ಹಲ್ಲುಗಳು ಕಿರುಚಿದವು.
ಮೋಟಾರಿಗೆ ದೂಡುವುದು ಗೊತ್ತು, ತಾಳುವುದು ಗೊತ್ತಿಲ್ಲ.
ನನ್ನ ಕಾಲು ಅರೆ ಉಸಿರು ನಿಂತರೆ
ಅದೂ ಕೈ ತೆಗೆಯುತ್ತದೆ.
ಆ ಅರೆ ಉಸಿರು, ಅರವತ್ತಕ್ಕೆ ಬಂದ ಪಾಠ.

ಬಣ್ಣದ ಹೆಲ್ಮೆಟ್ಟಿನ ಹುಡುಗರನ್ನು ದಾಟುವಾಗ
ಒಬ್ಬ ಕೂಗಿದ: 'ಕಾಕಾ, ಬ್ಯಾಟರೀ!'
ಪೇರಲೆ ಕದ್ದು ಸಿಕ್ಕಿಬಿದ್ದವನಂತೆ ಕಿವಿ ಬಿಸಿಯಾಯಿತು.
ಒಂದು ತಿರುವು ಕಳೆದ ಮೇಲೆ ಉತ್ತರ ಹೊಳೆಯಿತು:
ತಂತಿ ಹೊರಡುವುದು ನನ್ನ ಬೆನ್ನಿನಿಂದ ತಾನೆ?
ಹೇಳೋಣವೆಂದರೆ ಅವರು ಎಷ್ಟೋ ಹಿಂದೆ.

ಮುಂದೆ ಒಬ್ಬ ಚಹಾದ ಸೈಕಲ್ಲು ತಳ್ಳುತ್ತಿದ್ದ,
ಹ್ಯಾಂಡಲಿಗೆ ಎರಡು ಉಕ್ಕಿನ ಫ್ಲಾಸ್ಕು,
ಕ್ಯಾರಿಯರಿನ ಡಬ್ಬಿಯಲ್ಲಿ ಲೋಟ, ಬಿಸ್ಕತ್ತು.
ನಿಧಾನಿಸಿದೆ. ಅವನು ಕೇಳಲಿಲ್ಲ, ನಾನೂ ಕರೆಯಲಿಲ್ಲ.
ಸೀಟು ಹತ್ತಿ, ಬಲಗೈ ಚಾಚಿ
ಬೆನ್ನಿನ ಖಾಕಿ ಕುಣಿಕೆಗೆ ಬೆರಳು ಸಿಕ್ಕಿಸಿದ.
ಐದಕ್ಕೆ ಒತ್ತಿದೆ.
ಇಬ್ಬರು, ನಾಲ್ಕು ಗಾಲಿ, ಒಂದು ತೆಂಗಿನಕಾಯಿ,
ಪಕ್ಕದಲ್ಲಿ ಲೋಟಗಳ ಕಿಣಿಕಿಣಿ.
ಕಾದ ವೈಂಡಿಂಗಿನ ವಾಸನೆ ಎದ್ದಿತು,
ಏಪ್ರಿಲ್ಲಿನ ಎರಡನೇ ಪಾಳಿಯ ವಾಸನೆ.

ಸುರಂಗದ ಬಾಯಲ್ಲಿ ಕೈ ಬಿಟ್ಟ.
ಚಹಾಕ್ಕೆ ಕಾಸು ಮುಟ್ಟಲಿಲ್ಲ. ಸಕ್ಕರೆ ಜಾಸ್ತಿ.

ಮನೆಯಲ್ಲಿ ನೀಲಗಂಗಾ ಮಂಡಿಯ ಮಾತೆತ್ತಲಿಲ್ಲ.
ಚೀಲ ಬೆಳಕಿಗೆ ಹಿಡಿದು
ಎಡಗಡೆಯ ಕುಣಿಕೆ ಎಳೆದು ನೋಡಿದಳು.
'ಯಾರ್ ಜಗ್ಗಿದ್ರು ಇದನ್ನ?' ಎನ್ನುತ್ತ
ಸೂಜಿಗೆ ದಾರ ಪೋಣಿಸಿದಳು.