ಉಳ್ಳಾಗಡ್ಡಿ ತೂಗಿದ ಕೊಕ್ಕಿ

ಹರಾಜಿನ್ಯಾಗ ಹಿಡದದ್ದು, ಹಳೇ ಆಂಬುಲೆನ್ಸು.
ಧಾರವಾಡದ ಬಡಿಗ್ಯಾರ ಓಣ್ಯಾಗ
ಮೂರು ತಿಂಗಳ ನಿಂತು ಅದು ಮನಿ ಆತು:
ಮಡಚೋ ಮಂಚ, ಒಂದ ಒಲಿಯ ಗ್ಯಾಸು,
ಕಿಡಕಿಗೆ ನನ್ನ ಮದವಿ ಸೀರಿ ಹರದ ಪರದೆ.
ಮೂರು ಕೋಟ್ ಹಸರ ಬಣ್ಣ ಹೊಡದರೂ
ಮುಖದ ಮ್ಯಾಲಿನ ತಿರುವುಮುರುವು ಅಕ್ಷರ
ಓರೆ ಬಿಸಲಿಗೆ ಮತ್ತ ಎದ್ದು ಬರತಿದ್ದವು,
ಕನ್ನಡಿಯೊಳಗ ಮಾತ್ರ ಸರಿ ಕಾಣೋ ಮಾತಿನಂಗ.

ಮೊದಲನೇ ಪ್ರವಾಸ. ಮೊದಲನೇ ದಿನ.
ಮನಿ ಬಿಟ್ಟು ಎಂಬತ್ತು ಕಿಲೋಮೀಟರ್ ಆಗಿಲ್ಲ,
ಫಕ್ಕೀರೇಶಗ ಚಾದ ಚಟ.
ಕುರ್ತಕೋಟಿ ದಾರ್ಯಾಗ ಒಂದು ಬೇವಿನ ಗಿಡ ಕಂಡು
"ಇಲ್ಲೇ ನಿಂದ್ರಸೋಣು" ಅಂದ.
"ರಾತ್ರಿ ಮಳಿ ಆಗೈತಿ" ಅಂದೆ.
"ಮ್ಯಾಲ ಒಣಗೈತಿ ನೋಡ."
ಎರಿ ಮಣ್ಣು ಮ್ಯಾಲ ಒಣಗೇ ಇರತೈತಿ.
ಅದರ ಸುಳ್ಳು ಅದ.

ಚಾ ಕುದಿಯೂದರಾಗ ಗಾಲಿ ಗೇಣು ಇಳದಿತ್ತು.
ಕುಡದು ಲೋಟ ತೊಳಿಯೂದರಾಗ ಮೊಳ.
ಅಂವ ರೇಸ್ ಕೊಟ್ಟಂಗೆಲ್ಲ ಹಿಂದಿನ ಗಾಲಿ
ಹೊಲಾ ಅಗದು ನನ್ನ ಮ್ಯಾಲ ಒಗೀತು,
ಜಂಪರಿನ ತುಂಬ, ಹುಬ್ಬಿನ ತುಂಬ ಕರೀ ಅಂಟು.
ನಾ ಬೈಲಿಲ್ಲ. ಬೈದಿದ್ದರ ಚೊಲೊ ಇತ್ತು.
ಸುಮ್ಮನ ಹಾಸಿಗಿ ಚಾದರ ತಂದು
ಗಾಲಿ ಬುಡಕ ತುರಕಿದೆ.
ಅದನ್ನೂ ನುಂಗಿತು.

ಕಡ್ಲಿ ಹೊಲದಾಗಿಂದ ಮಂದಿ ಓಡಿ ಬಂದರು.
"ಯಾರಿಗೇನಾತ್ರೀ? ಪೇಶಂಟ್ ಎಲ್ಲಿ?"
ಪೇಶಂಟ್ ಇಲ್ಲ ಅಂದರ ನಂಬವಲ್ಲರು.
"ಮತ್ತ ಇದರಾಗ ಎಲ್ಲಿಗೆ ಹೊಂಟೀರಿ?"
"ಎಲ್ಲಿಗೂ ಇಲ್ಲ. ಹಂಗ, ತಿರಗಾಡಾಕ."
ಒಬ್ಬಾಕಿ ನಕ್ಕಳು, ಸೆರಗು ಬಾಯಿಗೆ ಹಿಡದು:
"ಜಡ್ಡಿಲ್ಲದ ಆಂಬುಲೆನ್ಸ್ ಏರಿದವರನ್ನ
ಇವತ್ತ ನೋಡಿದೆ, ಯವ್ವಾ."

ಆಕೀನ ಶಾವಂತ್ರೆವ್ವ.
ಕಾಲ ಕೊಡವಿ ಒಳಗ ಬಂದಳು, ಕೇಳಲಿಲ್ಲ.
ಒಲಿ ನೋಡಲಿಲ್ಲ, ಪರದೆ ನೋಡಲಿಲ್ಲ.
ಮ್ಯಾಲ ನೋಡಿದಳು. ಅಲ್ಲೊಂದು ಕೊಕ್ಕಿ,
ಸಲೈನ್ ಬಾಟ್ಲಿ ತೂಗಹಾಕೂದು. ತಗಿಯಾಕ ಬರಲಿಲ್ಲ,
ಅದಕ್ಕ ಉಳ್ಳಾಗಡ್ಡಿ ಬುಟ್ಟಿ ಕಟ್ಟಿದ್ದೆ.

"ಇಂಥಾದ್ರಾಗ ನನ್ನ ಮಗಾ ಹುಟ್ಟಿದ್ದು.
ರೈಲ್ವೆ ಗೇಟ್ ಹಾಕಿದ್ರು. ಗೂಡ್ಸ್ ಗಾಡಿ.
ಡಬ್ಬಿ ಎಣಸು ಅಂದ್ಲು ನರ್ಸವ್ವ,
ನಲವತ್ತೊಂದರ ತನಕ ಎಣಸೀನಿ.
ಆಮ್ಯಾಲ ಕೊಕ್ಕೀನ ನೋಡಕೊಂತ ಬಿದ್ದಿದ್ದೆ.
ಇದ ಗಾಡಿ ಏನೋ. ಯಾರಿಗ್ಗೊತ್ತು.
ಕೊಕ್ಕಿ ಎಲ್ಲಾ ಒಂದ ನಮೂನಿ ಇರತಾವ."

ನನ್ನ ಕಡೆ ಹೊರಳಿದಳು: "ನಿಮಗ ಮಕ್ಕಳು?"
ಬುಟ್ಟಿ ಸ್ವಲ್ಪ ತೂಗಾಡತಿತ್ತು.
"ಇಲ್ಲ" ಅಂದೆ.
ಆಕಿ "ಅಯ್ಯ" ಅನಲಿಲ್ಲ.
"ಎರಡು ಉಳ್ಳಾಗಡ್ಡಿ ಕೊಡ್ರಿ, ರೊಟ್ಟಿ ಅದಾವು" ಅಂದಳು.

ಉಂಡ ಮ್ಯಾಲ ಹಜರೇಸಾಬ ಟ್ರ್ಯಾಕ್ಟರ್ ತಂದ.
"ಅವಸರ ಮಾಡಬ್ಯಾಡ್ರಿ. ಈ ಮಣ್ಣು
ಜಗ್ಗಿದರ ಹಿಡಿತೈತಿ, ಬಿಟ್ಟರ ಬಿಡತೈತಿ."
ಹಂಗಂದು ತಾನ ಎರಡು ಸಲ ಜಗ್ಗಿದ,
ಎರಡು ಹಗ್ಗ ಹರದ.
ಮೂರನೇದು ಯಾರದೋ ಮನಿ ಸರಪಳಿ.
ಸಂಜಿ ಐದಕ್ಕ ಗಾಡಿ ಎದ್ದಿತು,
ದೊಡ್ಡದೊಂದು ಮುದ್ದು ಕೊಟ್ಟಂಥಾ ಸಪ್ಪಳ ಮಾಡಿ.

ರೊಕ್ಕ ಡೀಸೆಲ್ಲಿಗೆ ಅಷ್ಟ ತಗೊಂಡ.
ಶಾವಂತ್ರೆವ್ವನ ಮಗಾ ಉಡಚಪ್ಪ, ಒಂಬತ್ತು ವರ್ಷದಾಂವ,
ಗಾಡಿ ಮುಖದ ಅಕ್ಷರಾ ಬೆರಳಲೆ ಸವರಿ
"ಸೈರನ್ ಹಾಕ್ರಿ" ಅಂದ.
ವೈರು ನಾವ ಕತ್ತರಿಸಿದ್ವಿ, ಬಡಿಗ್ಯಾರ ಓಣ್ಯಾಗ.
ಫಕ್ಕೀರೇಶ ಆದರೂ ಬಟನ್ ಒತ್ತಿದ. ಎರಡು ಸಲ.
ಹುಡುಗ ಕಾಯ್ದ.
ಆಮ್ಯಾಲ ತಾನ ಬಾಯಿ ತಗದು
ಊಂ ಊಂ ಅನಕೊಂತ ಮುಂದ ಓಡಿದ.
ಎದುರು ಬಂದ ಚಕ್ಕಡಿ ಬದಿಗೆ ಸರೀತು,
ಎಮ್ಮಿ ಮಾತ್ರ ಸರೀಲಿಲ್ಲ.

ಡಾಂಬರು ಸಿಗೂ ತನಕ ಅವನ ಹಿಂದ ಹೋದ್ವಿ,
ಗಾಲಿಯಿಂದ ಹೆಂಟಿ ಹೆಂಟಿ ಹೊಲಾ ಉದರಸಕೊಂತ.
ಎರಡು ಉಳ್ಳಾಗಡ್ಡಿ ಹಗರಾದ ಬುಟ್ಟಿ
ಮೊದಲಿಗಿಂತ ಜಾಸ್ತಿ ತೂಗತಿತ್ತು.

ರೈಲ್ವೆ ಗೇಟ್ ಹಾಕಿತ್ತು.
ಫಕ್ಕೀರೇಶ ಎಂಜಿನ್ ಬಂದ್ ಮಾಡಿ
ನನ್ನ ಹುಬ್ಬಿನ ಮಣ್ಣು ಉಗರಲೆ ಕೆರದ.
ಗೂಡ್ಸ್ ಗಾಡಿ.
ಅವಗ ಹೇಳದ
ನಾ ಡಬ್ಬಿ ಎಣಸಾಕ ಹತ್ತಿದೆ.