ಮುಚ್ಚಳ

ಹರಾಜಿನಲ್ಲಿ ಕೊಂಡ ಹಳೆಯ ಆಂಬುಲೆನ್ಸು.
ಕೆಂಪು ಅಕ್ಷರ ಕೆರೆಸಿ ಹಸಿರು ಬಳಿಸಿದ್ದೇನೆ.
ಓರೆ ಬಿಸಿಲು ಬಿದ್ದಾಗ ಮಾತ್ರ ಬಣ್ಣದಡಿಯಿಂದ
ತಿರುಗುಮುರುಗಾಗಿ ಏಳುತ್ತದೆ ಅದರ ಹೆಸರು.

ಸ್ಟ್ರೆಚರಿದ್ದಲ್ಲಿ ಈಗ ನನ್ನ ಮಂಚ.
ಸಲೈನ್ ತೂಗುತ್ತಿದ್ದ ಕೊಕ್ಕೆಗೆ ಚಹಾಪುಡಿಯ ಚೀಲ.
ಒಂದು ಫ್ಯಾನು, ಎರಡು ದೀಪ, ಗೊರಗುಟ್ಟುವ ರೇಡಿಯೊ;
ಇಷ್ಟಕ್ಕೆ ರಾತ್ರಿಯಿಡೀ ಉಸಿರು ಕೊಡಲು
ಒಂದು ಬ್ಯಾಟರಿ ಬೇಕು.

ನೌಬಾದಿನಲ್ಲಿ ಗೈಬುಸಾಬನ ಅಂಗಡಿ.
ಕೆಂಪು ಮುರ್ರಂ ಧೂಳು ಒರೆಸಿ ಎರಡನ್ನೂ ಮುಂದಿಟ್ಟ.

"ಇದು ನೀರಿಂದು, ಸಿಸ್ಟರ್. ಆರು ಬಾಯಿ.
ಹದಿನೈದು ದಿನಕ್ಕೊಮ್ಮೆ ಬಿರಡಿ ತೆಗೀಬೇಕು,
ಬ್ಯಾಸಗ್ಯಾಗ ವಾರಕ್ಕೊಮ್ಮೆ. ನೀರು ಕೇಳ್ತದ.
ಕೊಟ್ರ ದುಡೀತದ ನಾಕು ವರ್ಷ, ಐದು ವರ್ಷ.
ತ್ರಾಸಾದ್ರ ಮೊದಲೇ ಹೇಳ್ತದ.

ಇದು ಸೀಲಿಂದು. ಏನೂ ಕೇಳಂಗಿಲ್ಲ.
ಅಡ್ಡ ಮಲಗಿಸಿದ್ರೂ ಸೋರಂಗಿಲ್ಲ.
ಆದ್ರ ನಮ್ಮ ಬಿಸಲಿಗಿ ಒಳಗೊಳಗೇ ಒಣಗ್ತದ.
ಒಂದಿನ ಹೇಳದ ಕೇಳದ ಹೋಗಿಬಿಡ್ತದ.
ರೊಕ್ಕಾನೂ ದೀಡಪಟ್ಟು."

ಹೈಡ್ರೋಮೀಟರು ನನ್ನ ಕೈಗೆ ಕೊಟ್ಟ.
ರಬ್ಬರ್ ಬುರುಡೆ ಒತ್ತಿ ಬಿಟ್ಟೆ; ಕೈ ಏನನ್ನೂ ಮರೆತಿರಲಿಲ್ಲ.
ಗಾಜಿನೊಳಗೆ ಆಸಿಡ್ ಏರಿತು,
ತೇಲುಬುರುಡೆ ತೂಗಾಡಿ ಹಸಿರು ಗೆರೆಗೆ ನಿಂತಿತು.
ಐದು ಬಾಯಿ ಸರಿ. ಆರನೆಯದು ತುಸು ಮಂಕು.
ವಾರ್ಡಿನಲ್ಲೂ ಹೀಗೇ,
ಯಾವಾಗಲೂ ಆರನೆಯ ಹಾಸಿಗೆ.

ಆ ಗಳಿಗೆಯಲ್ಲಿ ದುಡ್ಡು ಎಣಿಸಿಬಿಡುತ್ತಿದ್ದೆ ನೀರಿನದಕ್ಕೇ.

"ಎಲ್ಲಿ ಇಡ್ತೀರಿ?" ಅಂದ.
ಮಂಚದ ಕೆಳಗೆ, ಅಂದೆ.
ಬಿರಡೆ ಒಂದೊಂದಾಗಿ ತಿರುಗಿಸಿ ಮುಚ್ಚಿದ.
"ಚಾರ್ಜ್ ಆಗುಮುಂದ ಗ್ಯಾಸ್ ಬಿಡ್ತದರಿ ಇದು.
ಗಾಡಿಗಿ ಕಿಂಡಿ ಕೊರೀಬೇಕು, ಪೈಪ್ ಹೊರಗ ಹಾಕಬೇಕು.
ಮತ್ತ ದಿನಾ ರಾತ್ರಿ ಜರಾ ಬಗ್ಗಿ,
ಟಾರ್ಚ್ ಹಿಡದು ನೋಡಿದ್ರ ಛಲೋ."

ಟಾರ್ಚ್ ಅಂದನಲ್ಲ,

ಮೂವತ್ನಾಲ್ಕು ವರ್ಷ. ಮುಸುಕಿನ ಮೇಲೆ ಬೆಳಕು ಬೀಳದ ಹಾಗೆ
ಬೆರಳು ಅಡ್ಡ ಹಿಡಿದು ನಡೆದ ಟಾರ್ಚು.
ಬಾಟಲಿ ಮುಗಿಯುವ ಮೊದಲೇ ಮುಗಿಯುವ ಸಪ್ಪಳ ಕೇಳುತ್ತಿದ್ದ ಕಿವಿ.
ಒಣಗಿದ ತುಟಿಗೆ ಒದ್ದೆ ಹತ್ತಿ.
ಮಂಗಲಪೇಟೆಯ ಮನೆಯಲ್ಲಿ ರಜೆಯ ದಿನವೂ
ಎರಡೂವರೆಗೆ ಎದ್ದು ಕೂತು
ಯಾರು ಕರೆದರೆಂದು ಕತ್ತಲನ್ನು ಕೇಳಿದವಳು.

"ಸೀಲಿಂದೇ ಕೊಡ್ರಿ," ಅಂದೆ.

"ನೀವು ನೀರಿಂದೇ ಒಯ್ತೀರಿ ಅಂತ ತಿಳದಿದ್ದೆ."
ನಾನೂ ಹಾಗೇ ತಿಳಿದಿದ್ದೆ, ಗೈಬುಸಾಬ.

ಬಿಲ್ಲು ಹರಿಯುವಾಗ ಬಾಯಿ ತಪ್ಪಿ
ಒಂದು ಬಾಟಲಿ ಡಿಸ್ಟಿಲ್ಡ್ ನೀರೂ ಕೇಳಿದೆ.
ಯಾಕೆಂದು ಕೇಳಲಿಲ್ಲ ಆತ. ಅದನ್ನು ಬಿಲ್ಲಿಗೂ ಹಾಕಲಿಲ್ಲ.

ಮೊದಲ ರಾತ್ರಿ ಕಾರಂಜಾ ಹಿನ್ನೀರಿನ ದಂಡೆ.
ಕಲ್ಲು ಇನ್ನೂ ಹಗಲನ್ನು ಉಗುಳುತ್ತಿತ್ತು.
ಎರಡೂವರೆಗೆ ಎಚ್ಚರಾಯಿತು, ಮತ್ತೇನು.
ಕೈ ತಾನೇ ಮಂಚದ ಕೆಳಗಿಳಿದು
ನುಣುಪು ಮುಚ್ಚಳದ ಮೇಲೆ ಅಂಗೈ ಊರಿತು.
ತುಸು ಬೆಚ್ಚಗೆ; ಜ್ವರವಲ್ಲ.
ನಾಡಿ ಸಿಗುವ ಜಾಗವಿಲ್ಲ, ತೆರೆಯಲು ಬಿರಡೆಯಿಲ್ಲ.
ಮೇಲೆ ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು.

ಮೂಲೆಯಲ್ಲಿ ನೀರಿನ ಬಾಟಲಿ ನೆಟ್ಟಗೆ ನಿಂತಿತ್ತು,
ಮೊದಲ ನೈಟ್ ಡ್ಯೂಟಿಯ ಹುಡುಗಿಯ ಹಾಗೆ,
ಯಾರಾದರೂ ಕರೆದಾರು ಎಂದು.

ಮಲಗವ್ವ, ಅಂದೆ ಅದಕ್ಕೆ.