ಗೇಟಿನಾಚೆ

ನಮ್ಮ ಮನೆಗೆ ನಂಬರಿರಲಿಲ್ಲ. ಲಕೋಟೆಯ ಮೇಲೆ
ಗುರುಶಾಂತಪ್ಪ, ಸೈಕಲ್ ಶಾಪು,
ರೈಲ್ವೆ ಗೇಟಿನಾಚೆ, ಶಿವಮೊಗ್ಗ
ಇಷ್ಟು ಬರೆದರೆ ಕಾಗದ ಬರುತ್ತಿತ್ತು,
ಅದೂ ಗೇಟಲ್ಲಿ ಕಾದು.

ಆಚೆ ಅಂದರೆ ಎಷ್ಟು ದೂರ?
ಈ ಹಳಿಯಿಂದ ಆ ಹಳಿಗೆ ಒಂದು ಮೀಟರು.
ಅಷ್ಟಕ್ಕೇ ಈಚೆಯ ಸೈಟಿಗೆ ಎರಡರಷ್ಟು ಬೆಲೆ.
ಅಷ್ಟಕ್ಕೇ ನಮ್ಮತ್ತೆ ನೀಲಾಂಬಿಕೆಗೆ ಬಂದ ಮೊದಲ ಗಂಡು
"ಹುಡುಗಿ ಲಕ್ಷಣವಾಗಿದಾಳೆ, ಆದರೆ ಗೇಟಿನಾಚೆ" ಅಂತ
ಉಪ್ಪಿಟ್ಟು ಮುಗಿಸಿ ಎದ್ದುಹೋಯಿತು.

ಅಪ್ಪ ಹೇಳೋದು:
ಮೊದಲು ಊರಿಗೆ ಹೊಳೆಯೇ ಮುಖ.
ಕೋಟೆ, ಸಂತೆ, ಅಗಸರ ಕಲ್ಲು
ಎಲ್ಲ ತುಂಗೆ ಕಡೆ ತಿರುಗಿ ಕೂತಿದ್ದವು.
ಬೀರೂರಿನಿಂದ ಹಳಿ ಬಂತು ನೋಡು,
ನಿದ್ದೆಯಲ್ಲಿ ಮಗು ಮಗ್ಗುಲಾದ ಹಾಗೆ
ಊರು ಹೊಳೆಗೆ ಬೆನ್ನು ಹಾಕಿತು.
ಗೂಡ್ಸ್ ಶೆಡ್ಡಿನ ಎದುರು ಮೋಪು ಬಿತ್ತು,
ಮೋಪಿನ ಹಿಂದೆ ಗರಗಸ, ಗರಗಸದ ಹಿಂದೆ ಅದನ್ನು ಎಳೆಯುವವರು,
ಅವರ ಹಸಿವಿಗೆ ಒಂದು ಇಡ್ಲಿ ಒಲೆ, ಒಲೆಯ ಸುತ್ತ ಬೆಂಚು,
ಬೆಂಚಿನ ಮೇಲೆ ಜಗಳ,
ಬಿಡಿಸಲು ಒಂದು ಪೊಲೀಸ್ ಚೌಕಿ.
"ಊರಂದರೆ ಇಷ್ಟೇ ಮಗಳೆ,
ರೈಲು ಇಳಿಸಿ ಮರೆತುಹೋದ ಲಗೇಜು."

ಆಮೇಲೆ ಹಳಿ ತಾಳಗುಪ್ಪದ ಕಡೆ ಹೊರಟಿತು,
ಊರು ಸವಳಂಗ ರಸ್ತೆ ಹಿಡಿಯಿತು,
ಎರಡೂ ಅಡ್ಡಹಾಯುವಲ್ಲಿ ಗೇಟು,
ಗೇಟಿನಲ್ಲಿ ಸವರಿಮುತ್ತು.
ಫೋನು ಕಿಣಿಗುಟ್ಟಿದರೆ ತೂಕಡಿಕೆಯಿಂದೆದ್ದು
ಚಕ್ರ ತಿರುಗಿಸುವನು. ಊರು ನಿಲ್ಲುವುದು.
ಡಿಸಿ ಜೀಪು, ಹುಲ್ಲಿನ ಗಾಡಿ, ಹೆಣ ಹೊತ್ತವರು
ಒಂದೇ ಸಾಲು.
ಹಾಲಮ್ಮನ ಬೇಯಿಸಿದ ಶೇಂಗಾ,
ಬೀಬಿಜಾನಳ ಉಪ್ಪುಖಾರದ ಸೀಬೆ,
ಏಳು ನಿಮಿಷದ ಸಂತೆ.
ಅಪ್ಪ ಪಂಪು ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಿದ್ದ:
"ಓಡೋ ಗಾಡಿಗೆ ಪಂಕ್ಚರು ಗೊತ್ತಾಗಲ್ಲ ಸ್ವಾಮಿ,
ನಿಂತಾಗಲೇ ಗೊತ್ತಾಗೋದು."
ಆ ಮಾತಿನಿಂದಲೇ ಅಂಗಡಿ ಬಾಡಿಗೆ ಹುಟ್ಟುತ್ತಿತ್ತು.

ಗೂಡ್ಸು ಅಡ್ಡ ನಿಂತುಬಿಟ್ಟ ಒಂದು ಮಧ್ಯಾಹ್ನ
ಆಟೋದಲ್ಲೇ ಹೆತ್ತಳು ಡ್ರಿಲ್ ಮೇಷ್ಟ್ರ ಹೆಂಡತಿ.
ಆ ಹುಡುಗ ಈಗ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ,
ಯಾವ ಫೈಲಿಗೂ ಅವಸರ ಮಾಡಲ್ಲ.

ಹಳಿ ಅಗಲವಾಯಿತು. ಆಚೆಯೂ ಅಗಲವಾಯಿತು:
ಬಡಾವಣೆ, ನರ್ಸಿಂಗ್ ಹೋಮು, ಕಾನ್ವೆಂಟು, ಮತ್ತೊಂದು ಬಡಾವಣೆ.
ಒಂದು ದಿನ ಎಣಿಸಿದರೆ ಗೇಟಿನಾಚೆ ಇರುವವರೇ ಹೆಚ್ಚು.
ಹಳೇ ಪೇಟೆಯವರನ್ನು
"ಅವರಾ? ಅವರು ಗೇಟಿನಾಚೆ" ಅಂತ
ನೀಲಾಂಬಿಕತ್ತೆ ನಕ್ಕಿದ್ದೇ ನಕ್ಕಿದ್ದು.

ಈಗ ಸೇತುವೆ.
ಅದರ ನೆರಳು ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಬಂದು ಕೂತರೆ
ಸಂಜೆವರೆಗೂ ಏಳುವುದಿಲ್ಲ, ಒಂದು ಪೈಸೆ ವ್ಯಾಪಾರವಿಲ್ಲ.
ಹಾಲಮ್ಮ ಬಸ್ ಸ್ಟ್ಯಾಂಡಿಗೆ ಹೋದಳು,
ಸವರಿಮುತ್ತು ರಿಟೈರಾಗಿ ಭದ್ರಾವತಿಗೆ.
ಬೀಬಿಜಾನ್ ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ನಾನೂ.
ಅಪ್ಪ ಮಾತ್ರ ತಾಳಗುಪ್ಪ ಗಾಡಿಯ ಹೊತ್ತಿಗೆ
ಪಂಪೆತ್ತಿಕೊಂಡು ಹೊರಗೆ ಬಂದು ನಿಲ್ಲುತ್ತಾನೆ.
ರೈಲು ಹೋಗುತ್ತದೆ.
ಒಳಗೆ ಹೋಗುತ್ತಾನೆ.

ಮೊನ್ನೆ ಸೇತುವೆಯ ನೆತ್ತಿಯ ಮೇಲೆ
ನನ್ನ ಸ್ಕೂಟಿ ಜೋಲಿ ಹೊಡೆದು ನಿಂತಿತು.
ಹಿಂದಿನವರೆಲ್ಲ ಹಾರ್ನು ಹೊಡೆದು, ಬೈದು, ಸುತ್ತಿಕೊಂಡು ಹೋದರು.
ಗೋಡೆಗೆ ಒರಗಿ ಕೆಳಗೆ ನೋಡಿದೆ. ರೈಲು.
ನಲವತ್ತು ವರ್ಷ ಅದರ ಮುಖ ಕಂಡಿದ್ದೆ,
ಕಿಟಕಿ, ಕಿಟಕಿಯ ಕೈಗಳನ್ನು ಕಂಡಿದ್ದೆ,
ಅದಕ್ಕೊಂದು ಬೆನ್ನಿದೆ ಅಂತ ತಿಳಿದಿರಲಿಲ್ಲ:
ಉದ್ದಕ್ಕೂ ಧೂಳು, ಒಣಗಿದೆಲೆ,
ಯಾರೋ ಎಸೆದ ಒಂಟಿ ಚಪ್ಪಲಿ.

ಟೈರು ಒತ್ತಿ ನೋಡಿದೆ. ಮೆತ್ತಗಿತ್ತು.
ಕೆಳಗೆ ಅಪ್ಪ ಪಂಪು ಹಿಡಿದು ನಿಂತಿದ್ದ,
ಮೇಲೆ ನೋಡಲಿಲ್ಲ.